ಗೂಡಿನ ಎದುರು ನಮ್ಮ ಅದಬ್

(ಶಿವನಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಅಲ್ಲಾಹನ ಅನುಗ್ರಹವಿರಲಿ.



ಪವಿತ್ರ ಕುರ್‌ಆನ್ ಹಕ್ಕಿಗಳ ಕಡೆಗೆ ಮತ್ತೆ ಮತ್ತೆ ನಮ್ಮ ಗಮನ ಸೆಳೆಯುತ್ತದೆ. ಅಲ್ ಮುಲ್ಕ್ ಅಧ್ಯಾಯವು ನಮ್ಮ ತಲೆಯ ಮೇಲೆ ರೆಕ್ಕೆ ಬಿಚ್ಚಿ ಹಾರುವ ಹಕ್ಕಿಗಳನ್ನು ಗಮನಿಸುವಂತೆ ಕರೆ ಕೊಡುತ್ತದೆ. ಅಲ್ ಅನ್‌ಆಮ್ ಅಧ್ಯಾಯವು ಅವೂ ನಮ್ಮ ಹಾಗೆಯೇ ಸಮುದಾಯಗಳೆಂದು ತಿಳಿಸುತ್ತದೆ. ಹಾಗಾದರೆ ಹಕ್ಕಿಯನ್ನು ನೋಡುವುದು ಕೆಲಸವಿಲ್ಲದವರ ಕೆಲಸವಲ್ಲ. ಸೃಷ್ಟಿಯ ಮೂಲಕ ಸೃಷ್ಟಿಕರ್ತನನ್ನು ಅರಿಯುವ ದಾರಿ ಅದು. ಆದರೆ ಇನ್ನೊಬ್ಬರ ಮನೆಯೊಳಗೆ ಇಣುಕಿ ನೋಡಲು ನಮಗೆ ಅನುಮತಿಯಿಲ್ಲ ಎಂದು ನಮಗೆ ಗೊತ್ತಿದೆ. ಹಕ್ಕಿಯ ಮನೆಯನ್ನು ನೋಡುವುದಕ್ಕೂ ಒಂದು ಅದಬ್ ಇದೆ. ಇಂದು ಅದರ ಬಗ್ಗೆ ಮಾತನಾಡಬೇಕಾದ ಕಾಲ ಬಂದಿದೆ.

ನಮ್ಮ ಶಿವನಿಯಿಂದ ತರೀಕೆರೆ ದಾಟಿ ಹೋದರೆ ಲಕ್ಕವಳ್ಳಿ. ಅಲ್ಲಿರುವ ಭದ್ರಾ ಜಲಾಶಯ ನಮಗೆಲ್ಲ ಪರಿಚಿತ. ಮಳೆಗಾಲದಲ್ಲಿ ನೀರು 186 ಅಡಿ ಮುಟ್ಟಿತೇ ಎಂದು ರೈತರು ಪತ್ರಿಕೆಯಲ್ಲಿ ಹುಡುಕುತ್ತಾರೆ. ಬೇಸಿಗೆ ಬೆಳೆಗೆ ನಾಲೆಗಳಿಗೆ ನೀರು ಬಿಟ್ಟ ಮೇಲೆ ಜಲಾಶಯ ನಿಧಾನವಾಗಿ ಇಳಿಯುತ್ತದೆ. ಆಗ ಹಿನ್ನೀರಿನಲ್ಲಿ ಮುಳುಗಿದ್ದ ಗುಡ್ಡಗಳ ನೆತ್ತಿ ನಡುಗಡ್ಡೆಗಳಾಗಿ ಮೇಲೇಳುತ್ತವೆ. ಆ ಬೋಳು ನೆಲಕ್ಕಾಗಿಯೇ ಕಾದಿದ್ದಂತೆ ಸಾವಿರಾರು ಹಕ್ಕಿಗಳು ಅಲ್ಲಿ ಸೇರುತ್ತವೆ. ಅವೇ ರಿವರ್ ಟರ್ನ್‌ಗಳು. ಕನ್ನಡದ ಪಕ್ಷಿ ಪುಸ್ತಕಗಳು ಇವನ್ನು ರೀವ ಎನ್ನುತ್ತವೆ. ಬೂದು ಬಣ್ಣದ ಮೈ, ಕಪ್ಪು ಟೋಪಿ ಹಾಕಿದಂತಹ ತಲೆ, ಹಳದಿ ಕೊಕ್ಕು, ಕವಲೊಡೆದ ಬಾಲ.

ಈ ಹಕ್ಕಿ ಗೂಡಿಗೆ ಕಡ್ಡಿ ತರುವುದಿಲ್ಲ. ಮರಳು, ಸಣ್ಣ ಕಲ್ಲುಗಳ ನಡುವೆ ನೆಲವನ್ನು ಸ್ವಲ್ಪ ಕೆರೆದು ತಗ್ಗು ಮಾಡಿಕೊಳ್ಳುತ್ತದೆ. ಗಂಡು ಮೀನು ಹಿಡಿದು ತಂದು ಹೆಣ್ಣಿಗೆ ತಿನ್ನಿಸುತ್ತದೆ. ಇವರ ಸಂಸಾರದ ಆರಂಭವೇ ಹಾಗೆ. ಹೆಣ್ಣು ಸಾಮಾನ್ಯವಾಗಿ ಎರಡು ಅಥವಾ ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ನೆಲದ ಬಣ್ಣದಂತೆಯೇ ಇರುವುದರಿಂದ ಹತ್ತಿರ ಹೋದರೂ ಕಣ್ಣಿಗೆ ಬೀಳುವುದಿಲ್ಲ. ಅದೇ ಅವುಗಳ ಕೋಟೆ. ಆದರೆ ಅದೇ ಕಾರಣಕ್ಕೆ ಅಲ್ಲಿ ಕಾಲಿಟ್ಟ ಮನುಷ್ಯ ತನಗರಿವಿಲ್ಲದೆಯೇ ಮೊಟ್ಟೆಯನ್ನು ತುಳಿದುಬಿಡುತ್ತಾನೆ.

ತಾಯಿ ಮೊಟ್ಟೆಯ ಮೇಲೆ ಕೂರುವುದು ಬಿಸಿ ಕೊಡುವುದಕ್ಕೆ ಮಾತ್ರವಲ್ಲ. ಮಾರ್ಚ್, ಏಪ್ರಿಲ್‌ನ ನಡುಹಗಲಿನಲ್ಲಿ ಅದು ತನ್ನ ಮೈಯನ್ನೇ ನೆರಳಾಗಿ ಹಿಡಿಯುತ್ತದೆ. ದೋಣಿ ತೀರ ಹತ್ತಿರ ಬಂದರೆ ಇಡೀ ಗುಂಪು ಗಾಬರಿಯಿಂದ ಕೂಗುತ್ತ ಮೇಲೇಳುತ್ತದೆ. ನೋಡುವವರಿಗೆ ಅದು ಸುಂದರ ದೃಶ್ಯ, ಮೊಬೈಲ್‌ಗೆ ಒಳ್ಳೆಯ ವಿಡಿಯೋ. ಆದರೆ ಕೆಳಗೆ ಮೊಟ್ಟೆಗಳು ಸುಡುವ ಬಿಸಿಲಿಗೆ ಬಿದ್ದಿರುತ್ತವೆ. ಹದ್ದು, ಕಾಗೆಗಳಿಗೆ ಅಷ್ಟು ಹೊತ್ತು ಸಾಕು. ಇನ್ನೊಂದು ವಿಷಯ: ಈ ಹಕ್ಕಿಗಳಿಗಿರುವ ಕಾಲವೂ ಕಡಿಮೆ. ನೀರು ಇಳಿದ ಮೇಲೆ ಮೊಟ್ಟೆ ಇಡಬೇಕು, ಮಳೆಗೆ ಜಲಾಶಯ ಮತ್ತೆ ತುಂಬುವ ಮೊದಲು ಮರಿಗಳು ಹಾರಬೇಕು. ನದಿಗಳ ಮರಳು ದಿಣ್ಣೆಗಳು ನಾಶವಾಗುತ್ತಿರುವುದರಿಂದ ರಿವರ್ ಟರ್ನ್ ಇಂದು ಅಳಿವಿನ ಅಪಾಯವಿರುವ ಹಕ್ಕಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಹಾಗಾಗಿ ನಮ್ಮ ನೆರೆಯ ಈ ನಡುಗಡ್ಡೆಗಳು ಒಂದು ಅಮಾನತ್.

ಸುನನ್ ಅಬೂದಾವೂದ್‌ನಲ್ಲಿ ಒಂದು ಘಟನೆ ವರದಿಯಾಗಿದೆ. ಪ್ರಯಾಣವೊಂದರಲ್ಲಿ ಪ್ರವಾದಿ(ಸ) ಸ್ವಲ್ಪ ದೂರ ಹೋಗಿದ್ದಾಗ, ಸಹಾಬಿಗಳು ಒಂದು ಚಿಕ್ಕ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ಬಂದು ರೆಕ್ಕೆ ಬಡಿಯತೊಡಗಿತು. ಮರಳಿ ಬಂದ ಪ್ರವಾದಿ(ಸ) ಅದನ್ನು ಕಂಡು, ಮರಿಗಳ ವಿಷಯದಲ್ಲಿ ಈ ತಾಯಿಯನ್ನು ನೋಯಿಸಿದವರು ಯಾರು ಎಂದು ವಿಚಾರಿಸಿದರು. ಮರಿಗಳನ್ನು ಅದಕ್ಕೆ ಹಿಂದಿರುಗಿಸುವಂತೆ ಆಜ್ಞಾಪಿಸಿದರು. ಗಮನಿಸಿ, ಮರಿಗಳಿಗೆ ಗಾಯವಾಗಿತ್ತೆಂದು ವರದಿಯಲ್ಲಿ ಇಲ್ಲ. ತಾಯಿಯ ಆತಂಕವೇ ಸಾಕಾಯಿತು. ಕಾರುಣ್ಯದ ಪ್ರವಾದಿ(ಸ) ಆ ರೆಕ್ಕೆಬಡಿತವನ್ನು ಒಂದು ದೂರಿನಂತೆ ಆಲಿಸಿದರು. ನಡುಗಡ್ಡೆಯ ಮೇಲೆ ಸಾವಿರ ಹಕ್ಕಿಗಳು ಒಟ್ಟಿಗೆ ಕೂಗುವಾಗ ನಮಗೆ ಅದು ಕೇಳಿಸಬೇಡವೇ?

ದೂರದಿಂದ ನೋಡಿದರೆ ಆನಂದ ಕಡಿಮೆಯಾಗುತ್ತದೆ ಎಂದು ಯುವಕರು ಹೇಳಬಹುದು. ಚಳಿಗಾಲದಲ್ಲಿ ನಮ್ಮ ಜಲಾಶಯಗಳಿಗೂ ಆಸ್ಪ್ರೇ ಎಂಬ ಮೀನು ಹಿಡಿಯುವ ಗಿಡುಗ ಬರುತ್ತದೆ. ಗೂಡು ಕಟ್ಟಲು ಉತ್ತರದ ನಾಡುಗಳಿಗೆ ಮರಳುತ್ತದೆ. ಬ್ರಿಟನ್‌ನಲ್ಲಿ ಬೇಟೆ ಮತ್ತು ಮೊಟ್ಟೆ ಕಳ್ಳತನದಿಂದ ಈ ಹಕ್ಕಿ ಗೂಡು ಕಟ್ಟುವುದೇ ನಿಂತುಹೋಗಿತ್ತು. ಮತ್ತೆ ಬಂದ ಜೋಡಿಯೊಂದು ಸ್ಕಾಟ್ಲೆಂಡಿನ ಲಾಕ್ ಗಾರ್ಟನ್ ಬಳಿ ಗೂಡು ಕಟ್ಟಿದಾಗ, 1958ರಲ್ಲಿ ಕಾವಲಿದ್ದರೂ ರಾತ್ರಿ ಯಾರೋ ಮರ ಹತ್ತಿ ಮೊಟ್ಟೆ ಕದ್ದು, ಬಣ್ಣ ಬಳಿದ ಕೋಳಿಮೊಟ್ಟೆಗಳನ್ನಿಟ್ಟು ಹೋದರು. ಮರುವರ್ಷ ಕಾವಲುಗಾರರು ಗೂಡನ್ನು ಜನರಿಂದ ಮುಚ್ಚಿಡಲಿಲ್ಲ. ದೂರದಲ್ಲಿ ಒಂದು ಮರೆ ಕಟ್ಟಿ, ದುರ್ಬೀನಿನಲ್ಲಿ ನೋಡಲು ಎಲ್ಲರನ್ನೂ ಕರೆದರು. ಸುಮಾರು 14,000 ಜನ ಬಂದು ನೋಡಿದರು. ಮೂರು ಮರಿಗಳು ಹಾರಿದವು. ದೂರದಲ್ಲಿ ನಿಂತ ಸಾವಿರಾರು ಕಣ್ಣುಗಳೇ ಗೂಡಿಗೆ ಕಾವಲಾದವು.

ಸಹೋದರರೇ, ಈಗ ಈದ್ ಕೂಡ ಬೇಸಿಗೆಯ ಆರಂಭದಲ್ಲಿ ಬರುತ್ತಿದೆ. ಬಳಿಕ ಶಾಲೆಗಳಿಗೆ ರಜೆ. ಮನೆಮಂದಿಯನ್ನು ಕರೆದುಕೊಂಡು ಲಕ್ಕವಳ್ಳಿಗೆ ಖಂಡಿತ ಹೋಗಿ, ಮಕ್ಕಳಿಗೆ ಆ ಹಕ್ಕಿಗಳನ್ನು ತೋರಿಸಿ. ಆದರೆ ಅನುಮತಿಯಿರುವ ದೋಣಿಯಲ್ಲೇ ಹೋಗಿ. ಇನ್ನೂ ಹತ್ತಿರ ಹೋಗು ಎಂದು ದೋಣಿಯವನಿಗೆ ಹಣದ ಆಸೆ ತೋರಿಸಬೇಡಿ. ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟಬೇಡಿ, ಡ್ರೋನ್ ಹಾರಿಸಬೇಡಿ, ನಡುಗಡ್ಡೆಗೆ ಇಳಿಯಬೇಡಿ. ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು. ಆದರೆ ಅರಣ್ಯ ಇಲಾಖೆಯವರು ನೋಡದ ಕಡೆಯೂ ಅಲ್ಲಾಹನು ನೋಡುತ್ತಾನೆ ಎಂಬ ಅರಿವೇ ತಖ್ವಾ.

ಲಕ್ಕವಳ್ಳಿಗೆ ಹೋಗಲಾಗದವರಿಗೆ ಮನೆಯ ಹತ್ತಿರವೇ ಅವಕಾಶವಿದೆ. ಹಂಚಿನ ಸಂದಿಯಲ್ಲಿ ಗುಬ್ಬಿ, ತೋಟದ ತೆಂಗಿನಲ್ಲಿ ಗೀಜಗ ಸಂಸಾರ ಹೂಡಿದ್ದರೆ ಮರಿ ಹಾರುವವರೆಗೆ ಬಿಟ್ಟುಬಿಡಿ. ಮಕ್ಕಳಿಗೆ ಕೈ ಹಾಕಬೇಡ ಎಂದು ಗದರಿಸಿ ಸುಮ್ಮನಾಗಬೇಡಿ; ಪಕ್ಕದಲ್ಲಿ ಕೂರಿಸಿಕೊಂಡು ದೂರದಿಂದ ನೋಡುವುದನ್ನು ಕಲಿಸಿ. ಬಾಯಿಲ್ಲದ ತಾಯಿಯ ಮೇಲೆ ಕರುಣೆ ತೋರಲು ಕಲಿತ ಮಗು ನಾಳೆ ತನ್ನ ತಾಯಿಯನ್ನೂ ನೆರೆಯವರನ್ನೂ ನೋಯಿಸಲು ಹಿಂಜರಿಯುತ್ತದೆ.

ಅಲ್ಲಾಹನು ತನ್ನ ಸೃಷ್ಟಿಗಳನ್ನು ನೋಡುವ ಕಣ್ಣನ್ನೂ, ಅವುಗಳಿಗೆ ನೋವಾಗದಂತೆ ನಡೆದುಕೊಳ್ಳುವ ಮನಸ್ಸನ್ನೂ ನಮಗೆ ಅನುಗ್ರಹಿಸಲಿ. ಆಮೀನ್.