ಒಂದು ಕೀಲಿಮಣೆ, ಹಲವು ಗಣಕಗಳು

ಬ್ಯಾಂಕಿಗೆ ಹಣ ಕಟ್ಟಲು ಹೋದಾಗ ಕಿಟಕಿಯ ಆಚೆ ಗುಮಾಸ್ತರ ಮುಂದೆ ಒಂದು ಗಣಕಯಂತ್ರ ಕಾಣುತ್ತದೆ. ನಮ್ಮ ಲೆಕ್ಕವೆಲ್ಲ ಅದರೊಳಗೇ ಇದೆಯೆಂದು ತಿಳಿಯಬೇಡಿ. ಅದು ಇರುವುದು ಬೇರೊಂದು ತಂಪಾದ ಕೋಣೆಯಲ್ಲಿ, ಕಪಾಟುಗಳಲ್ಲಿ ಸಾಲಾಗಿ ಜೋಡಿಸಿದ ಸರ್ವರುಗಳೆಂಬ ಗಣಕಗಳಲ್ಲಿ. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕೀಲಿಮಣೆ, ಬೇರೆ ಪರದೆ ಇಡುತ್ತ ಹೋದರೆ ಕೋಣೆಯೇ ಸಾಲದು. ಆದ್ದರಿಂದ ಎಂಟೋ ಹದಿನಾರೋ ಸರ್ವರುಗಳಿಗೆ ಒಂದೇ ಕೀಲಿಮಣೆ, ಒಂದೇ ಪರದೆ, ಒಂದೇ ಮೌಸು ಇಟ್ಟು, ನಡುವೆ ಒಂದು ಪೆಟ್ಟಿಗೆಯನ್ನು ಕೂರಿಸುತ್ತಾರೆ. ಅದಕ್ಕೆ ಕೆ.ವಿ.ಎಂ. ಸ್ವಿಚ್ಚು ಎಂದು ಹೆಸರು. ಬೇಕಾದ ಸರ್ವರನ್ನು ಆರಿಸಿಕೊಂಡರೆ ಕೀಲಿಮಣೆ ಅದಕ್ಕೆ ಸೇರುತ್ತದೆ. ನಡುಮನೆಯಲ್ಲಿ ನಿಂತು ಯಾವ ಕೋಣೆಗೆ ಬೇಕಾದರೂ ಹೋಗುವ ಹಾಗೆ ಇದು.

ಈ ಪೆಟ್ಟಿಗೆಯನ್ನು ಜೋಡಿಸಿದ ದಿನ ಎರಡು ಏರ್ಪಾಡುಗಳನ್ನು ನೋಡಿಕೊಳ್ಳಬೇಕು. ಎರಡೂ ಚಿಕ್ಕವು, ಚಿಕ್ಕವೆಂದೇ ಮರೆತುಹೋಗುವಂಥವು.

ಮೊದಲನೆಯದು ಕೀಲಿಮಣೆಯ ಭಾಷೆ. ನಾವು ಕೀಲಿಯನ್ನು ಒತ್ತಿದಾಗ ಒಳಗೆ ಹೋಗುವುದು ಅಕ್ಷರವಲ್ಲ. ಇಂಥ ಜಾಗದ ಕೀಲಿಯನ್ನು ಒತ್ತಿದೆ ಎಂಬ ಸಂಕೇತ ಮಾತ್ರ. ಅದನ್ನು ಯಾವ ಅಕ್ಷರವೆಂದು ಓದಬೇಕೆಂಬುದನ್ನು ಗಣಕ ತನ್ನಲ್ಲಿರುವ ವಿನ್ಯಾಸವನ್ನು ನೋಡಿ ನಿರ್ಧರಿಸುತ್ತದೆ. ನಮ್ಮ ಕನ್ನಡವನ್ನೇ ನೋಡಿ. ಇಂಗ್ಲಿಷಿನ ‘ಎಚ್’ ಇರುವ ಕೀಲಿಯನ್ನು ಒತ್ತಿದರೆ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಪ’ ಮೂಡುತ್ತದೆ, ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ‘ಹ’ ಮೂಡುತ್ತದೆ. ಬೆರಳು ಅದೇ, ಕೀಲಿ ಅದೇ. ಜರ್ಮನಿಯ ಕೀಲಿಮಣೆಯಲ್ಲಿ ‘ವೈ’ ಮತ್ತು ‘ಝಡ್’ ಅದಲುಬದಲು. ಶಿಫ್ಟ್ ಹಿಡಿದು ಎರಡನ್ನು ಒತ್ತಿದರೆ ಅಮೆರಿಕದ ವಿನ್ಯಾಸದಲ್ಲಿ ‘ಆ್ಯಟ್’ ಗುರುತು, ಇಂಗ್ಲೆಂಡಿನದರಲ್ಲಿ ಉದ್ಧರಣ ಚಿಹ್ನೆ.

ಇದರಿಂದೇನು ಕೆಟ್ಟಿತು ಎಂದೀರಿ. ನಾವು ಬರೆದದ್ದು ಕಣ್ಣಿಗೆ ಕಾಣುವಲ್ಲಿ ತಪ್ಪನ್ನು ತಿದ್ದಿಕೊಳ್ಳಬಹುದು. ಗುಪ್ತಪದವನ್ನು ಬರೆಯುವಾಗ ಮಾತ್ರ ಪರದೆಯ ಮೇಲೆ ಬರಿಯ ಚುಕ್ಕೆಗಳು! ನಡುರಾತ್ರಿ ಸರ್ವರು ನಿಂತಿದೆ, ಪಾಳಿಯ ನೌಕರ ಓಡಿಬಂದಿದ್ದಾನೆ, ಗುಪ್ತಪದ ಅವನಿಗೆ ಚೆನ್ನಾಗಿಯೇ ಗೊತ್ತು. ಆದರೂ ಯಂತ್ರ ‘ತಪ್ಪು’ ಎನ್ನುತ್ತದೆ. ಮತ್ತೆ ಮತ್ತೆ ಯತ್ನಿಸಿದರೆ ಕೆಲವು ಸರ್ವರುಗಳು ಬಾಗಿಲನ್ನೇ ಮುಚ್ಚಿಬಿಡುತ್ತವೆ. ಆಗ ಅವನು ದೂರುವುದು ತನ್ನ ನೆನಪನ್ನು. ಆದ್ದರಿಂದ ಪೆಟ್ಟಿಗೆಯಲ್ಲೂ ಪ್ರತಿಯೊಂದು ಸರ್ವರಿನಲ್ಲೂ ಕೈಯಲ್ಲಿರುವ ಕೀಲಿಮಣೆಗೆ ಒಪ್ಪುವ ಒಂದೇ ವಿನ್ಯಾಸ ಇರಬೇಕು. ಪರೀಕ್ಷೆ ಸುಲಭ: ಹೆಸರು ಬರೆಯುವ ಜಾಗದಲ್ಲಿ ಗುಪ್ತಪದದಲ್ಲಿ ಬಳಸುವ ಚಿಹ್ನೆಗಳನ್ನು ಬೇರೆ ಕ್ರಮದಲ್ಲಿ ಒತ್ತಿ ನೋಡಿ, ಆಮೇಲೆ ಅಳಿಸಿಬಿಡಿ.

ಎರಡನೆಯದು ಸ್ಕ್ರೀನ್ ಸೇವರು. ಹಿಂದಿನ ಗಾಜಿನ ಕೊಳವೆಯ ಪರದೆಗಳಲ್ಲಿ ಒಂದೇ ಚಿತ್ರ ಬಹುಕಾಲ ನಿಂತರೆ ಅದರ ಕಲೆ ಉಳಿದುಬಿಡುತ್ತಿತ್ತು. ಅದನ್ನು ತಪ್ಪಿಸಲು ಹುಟ್ಟಿದ ಉಪಾಯವಿದು. ಇಂದು ಇದರ ಮುಖ್ಯ ಕೆಲಸ ಕಾವಲು. ಕೆಲಸಗಾರ ಕಾಫಿಗೆಂದು ಎದ್ದುಹೋದರೆ, ಗೊತ್ತುಮಾಡಿದಷ್ಟು ನಿಮಿಷಗಳ ತರುವಾಯ ಪರದೆ ಮರೆಯಾಗುತ್ತದೆ. ಒಳಗೆ ಸರ್ವರಿನ ಕೆಲಸ ಎಂದಿನಂತೆ ನಡೆದಿರುತ್ತದೆ. ಆದರೆ ಪೆಟ್ಟಿಗೆಗೆ ಗುಪ್ತಪದವನ್ನು ಇಡದಿದ್ದರೆ, ಬಂದವರು ಯಾವುದೋ ಒಂದು ಕೀಲಿಯನ್ನು ಒತ್ತಿದ ಕೂಡಲೆ ಪರದೆ ಮತ್ತೆ ತೆರೆಯುವ ಸಂಭವವುಂಟು. ಪರದೆ ಎಳೆದಿದೆ, ಬಾಗಿಲಿಗೆ ಅಗಳಿಯಿಲ್ಲ ಎಂಬಂತೆ! ಒಂದೇ ಕೀಲಿಮಣೆಗೆ ಹದಿನಾರು ಸರ್ವರುಗಳು ಸೇರಿರುವಲ್ಲಿ ಈ ಅಜಾಗ್ರತೆ ಹದಿನಾರು ಪಟ್ಟು ದೊಡ್ಡದು. ಅಗಳಿ ಹಾಕಿದ ಮೇಲೂ ಸರ್ವರಿನಿಂದ ಹೊರಬಂದೇ ಏಳುವುದು ಲೇಸು. ಪೆಟ್ಟಿಗೆ ಕಾಯುವುದು ತನ್ನ ಬಾಗಿಲನ್ನು ಮಾತ್ರ.

ನಿಮಿಷಗಳ ಲೆಕ್ಕದಲ್ಲೂ ಹದವಿರಲಿ. ತೀರ ಕಡಿಮೆಯಾದರೆ ಪರದೆಯನ್ನು ನೋಡುತ್ತ ಕುಳಿತವನಿಗೆ ಪದೇ ಪದೇ ಅಡ್ಡಿ. ಬೇಸತ್ತು ಅವನು ಕಾವಲನ್ನೇ ತೆಗೆದುಹಾಕುತ್ತಾನೆ. ಹೆಚ್ಚಾದರೆ ಕಾವಲು ಬರುವ ಮೊದಲೇ ಬೇರೆಯವರು ಬಂದಿರುತ್ತಾರೆ.

ಕೊಡೆಯನ್ನು ರಿಪೇರಿ ಮಾಡಿಸುವುದು ಮಳೆ ಬಂದ ಮೇಲಲ್ಲ. ಈ ಎರಡನ್ನೂ ಹಗಲಿನಲ್ಲಿ, ಬಿಡುವಾಗಿರುವಾಗ ನೋಡಿಡಬೇಕು. ಆ ಕೋಣೆಯಲ್ಲಿರುವುದು ಯಂತ್ರದ ಗಂಟಲ್ಲ. ನಮ್ಮ ನಿಮ್ಮ ಲೆಕ್ಕ.