ವ್ಯಾಯಾಮ ವ್ಯಸನವಾದರೆ

ಗಂಡ ಕುಡಿಯುತ್ತಾನೆಂದು ಕಣ್ಣೀರಿಡುವ ಹೆಂಡತಿಯರನ್ನು ನಾವೆಲ್ಲ ಕಂಡಿದ್ದೇವೆ. ಇಸ್ಪೀಟಿನ ಚಟಕ್ಕೆ ಬಿದ್ದು ಗದ್ದೆ ಮಾರಿಕೊಂಡವರ ಕಥೆಯೂ ನಮ್ಮ ಮಂಡ್ಯ ಸೀಮೆಗೆ ಹೊಸದಲ್ಲ. ಆದರೆ ಗಂಡನ ವ್ಯಾಯಾಮವನ್ನು ಬಿಡಿಸಿಕೊಡಿ ಎಂದು ಒಬ್ಬ ಹೆಣ್ಣುಮಗಳು ನಮ್ಮ ಮನೆಯ ಜಗುಲಿಯ ಮೇಲೆ ಬಂದು ಕುಳಿತಾಗ, ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನನಗೂ ಏನು ಹೇಳಬೇಕೆಂದು ತೋಚಲಿಲ್ಲ. ಆಕೆಯ ಗಂಡ ನನ್ನ ಹಳೆಯ ವಿದ್ಯಾರ್ಥಿ. ಪಾಂಡವಪುರದ ಕಡೆಯವನು, ನಲವತ್ತರ ಆಚೀಚೆ ವಯಸ್ಸು. ಬೆಳಿಗ್ಗೆ ನಾಲ್ಕೂವರೆಗೆಲ್ಲ ಎದ್ದು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಓಟ; ಸಂಜೆ ಕೆಲಸದಿಂದ ಬಂದವನೇ ಜಿಮ್ಮಿಗೆ. ಮನೆಯಲ್ಲಿ ಎಲ್ಲರಿಗೂ ಒಂದು ಅಡಿಗೆ, ಅವನಿಗೊಂದು ಅಡಿಗೆ. ಮುದ್ದೆ ಬಿಟ್ಟನಂತೆ! ಮಂಡ್ಯದ ಗಂಡಸು ಮುದ್ದೆ ಬಿಟ್ಟನೆಂದರೆ ವಿಷಯ ಗಂಭೀರವೆಂದೇ ತಿಳಿಯಬೇಕು.

ಬಾಮೈದನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಛತ್ರದಲ್ಲಿ ಇವನಿಲ್ಲ. ಆ ದಿನದ ಓಟ ಬಾಕಿಯಿತ್ತು. ಮಗಳಿಗೆ ರಾತ್ರಿಯೆಲ್ಲ ಜ್ವರ; ಬೆಳಗಾಗುವ ಮುಂಚೆ ಇವನ ಬೂಟಿನ ಸದ್ದು. ತನಗೇ ಜ್ವರ ಬಂದರೂ ಅಷ್ಟೆ. “ಕುಡ್ಕೊಂಡು ಬಂದಿದ್ರೆ ನಾಲ್ಕು ಜನಕ್ಕೆ ಹೇಳ್ಕೊಬೋದಿತ್ತು ಮೇಷ್ಟ್ರೇ. ಕಸರತ್ತು ಮಾಡ್ತಾರೆ ಅಂತ ಯಾರ ಹತ್ರ ದೂರಲಿ?” ಎಂದಳು ಆಕೆ. ನಾನು ಏನೆಂದೆ ಗೊತ್ತೆ? “ಒಳ್ಳೆಯ ಅಭ್ಯಾಸವಲ್ಲವೇನಮ್ಮ, ಮಾಡಿಕೊಳ್ಳಲಿ ಬಿಡು” ಎಂದು ಕಾಫಿ ಕೊಟ್ಟು ಕಳುಹಿಸಿಬಿಟ್ಟೆ. ನಾಲ್ಕು ತಿಂಗಳ ಮೇಲೆ ಆಕೆ ಮತ್ತೆ ಬಂದಾಗ ನನ್ನ ಮಾತಿಗೆ ನಾನೇ ನಾಚಬೇಕಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಪಂಡಿತ ವೃತ್ತಿಯವನಾದ್ದರಿಂದ ಮೊದಲು ಶಬ್ದಗಳ ಕಡೆಗೆ ಮನಸ್ಸು ಓಡುತ್ತದೆ, ಕೇಳುಗರು ಕ್ಷಮಿಸಬೇಕು. ‘ವ್ಯಾಯಾಮ’ ಎಂಬ ಮಾತು ‘ಯಮ್’ ಎಂಬ ಧಾತುವಿನಿಂದ ಬಂದದ್ದು. ಚಾಚು, ಹತೋಟಿಯಲ್ಲಿಡು ಎಂಬ ಅರ್ಥಗಳು ಅದಕ್ಕುಂಟು. ನಿಯಮ, ಸಂಯಮಗಳೂ ಅದೇ ಮನೆಯ ಮಕ್ಕಳು. ‘ವ್ಯಸನ’ಕ್ಕಾದರೋ ಎಸೆ ಎಂಬ ಅರ್ಥದ ಬೇರೆ ಧಾತು. ಚಟ ಎಂಬುದೂ ಅದರ ಅರ್ಥವೇ, ಸಂಕಟ ಎಂಬುದೂ ಅದರ ಅರ್ಥವೇ. ಒಂದೇ ಮನೆಯಲ್ಲಿ ಒಬ್ಬರಿಗೆ ಮೊದಲನೆಯ ಅರ್ಥ, ಇನ್ನೊಬ್ಬರಿಗೆ ಎರಡನೆಯದು ಆಗುವುದನ್ನು ನಾನು ಆ ಜಗುಲಿಯ ಮೇಲೆ ಕಂಡೆ.

ಮೈಕಟ್ಟನ್ನು ಗೌರವಿಸದ ನಾಡಲ್ಲ ನಮ್ಮದು. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಗೆದ್ದು ಬಂದರೆಂಬ ಕಥೆಯನ್ನು ಕೇಳದೆ ಬೆಳೆದ ಹುಡುಗ ಈ ಸೀಮೆಯಲ್ಲಿ ಅಪರೂಪ. ಪಟ್ಟಣದಲ್ಲಿಯೂ ಮೈಸೂರಿನಲ್ಲಿಯೂ ಗರಡಿಮನೆಗಳು ಊರಿನ ಮರ್ಯಾದೆಯ ಸ್ಥಳಗಳಾಗಿದ್ದವು. ಆದರೆ ಗರಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಎಷ್ಟು ದಂಡೆ, ಎಷ್ಟು ಬಸ್ಕಿ ಎಂಬುದನ್ನು ಹೇಳುತ್ತಿದ್ದವರು ಉಸ್ತಾದರು; ಹುಡುಗನ ಹುಮ್ಮಸ್ಸಲ್ಲ. ಕಾಲು ಉಳುಕಿದವನನ್ನು ಮಟ್ಟಿಗೆ ಇಳಿಸುತ್ತಿರಲಿಲ್ಲ. ಮಾಲೀಸಿಗೆ ಒಂದು ಹೊತ್ತು, ವಿಶ್ರಾಂತಿಗೆ ಒಂದು ಹೊತ್ತು ಇತ್ತು. ‘ಸಾಕು, ಏಳೋ’ ಎಂದು ಹೇಳುವ ಒಬ್ಬ ಹಿರಿಯ ಎದುರಿಗೆ ಕುಳಿತಿದ್ದ. ಈಗ ಆ ಹಿರಿಯನ ಜಾಗದಲ್ಲಿ ಮಣಿಕಟ್ಟಿನ ಗಡಿಯಾರ ಕುಳಿತಿದೆ. ಅದು ಇನ್ನೂ ನಡೆ ಎನ್ನುತ್ತದೆಯೇ ಹೊರತು ಸಾಕು ಎನ್ನುವುದು ಕಡಿಮೆ. ದಿನಕ್ಕೆ 10,000 ಹೆಜ್ಜೆ ಎಂಬ ಮಂತ್ರವನ್ನು ನೀವೂ ಕೇಳಿರಬಹುದು. ಅದು ಯಾವ ವೈದ್ಯನ ಲೆಕ್ಕದಿಂದ ಹುಟ್ಟಿದ್ದೂ ಅಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಒಂದು ಯಂತ್ರದ ಹೆಸರಿನಿಂದ ಹುಟ್ಟಿದ್ದು!

ನಮ್ಮ ಆಯುರ್ವೇದದವರು ಈ ವಿಷಯದಲ್ಲಿ ಬಹಳ ಎಚ್ಚರದವರು. ಚೆನ್ನಾಗಿ ಉಂಡು ಬಲವಾಗಿರುವವನು ಕೂಡ ಚಳಿಗಾಲ ವಸಂತಗಳಲ್ಲಿ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಮಿಕ್ಕ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ ಎಂಬುದು ವಾಗ್ಭಟನ ಅಷ್ಟಾಂಗಹೃದಯದ ಮತ. ಅರ್ಧಶಕ್ತಿ ಎಂದು ತಿಳಿಯುವುದು ಹೇಗೆ? ಹಣೆ, ಮೂಗು, ಕಂಕುಳಲ್ಲಿ ಬೆವರೊಡೆದು, ಬಾಯಿಯಿಂದ ಉಸಿರು ಬಿಡುವಂತಾದರೆ ಅಲ್ಲಿಗೆ ನಿಲ್ಲಿಸಬೇಕೆಂಬ ಗುರುತನ್ನು ಸುಶ್ರುತನ ಸಂಪ್ರದಾಯ ಕೊಟ್ಟಿದೆ. ಮಿತಿ ಮೀರಿದರೆ ಬಾಯಾರಿಕೆ, ಕ್ಷಯ, ಉಬ್ಬಸ, ಕೆಮ್ಮು, ಜ್ವರ ಎಂದು ಕೇಡುಗಳ ಪಟ್ಟಿಯೇ ಇದೆ. ಇಂದಿನ ವೈದ್ಯರು ಅರ್ಧಶಕ್ತಿಯ ಲೆಕ್ಕವನ್ನು ಹಾಗೆಯೇ ಒಪ್ಪುತ್ತಾರೆಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಬೇಕು. ನಮ್ಮಲ್ಲಿ ಬಹುಮಂದಿ ಅಷ್ಟನ್ನೂ ಮಾಡುವುದಿಲ್ಲ ಎಂಬುದೂ ನಿಜ.

ಇಲ್ಲಿ ಇನ್ನೊಂದು ಮಾತು. ನಾಗಮಂಗಲದಲ್ಲಿಯೋ ಕೃಷ್ಣರಾಜಪೇಟೆಯಲ್ಲಿಯೋ ಒಬ್ಬ ಗೃಹಿಣಿ ಬೆಳಿಗ್ಗೆ ಅರ್ಧ ಗಂಟೆ ಶಾಲೆಯ ಮೈದಾನ ಸುತ್ತಿದರೆ ಸಾಕು, ‘ಇದೇನು ಅತಿಯಾಯಿತು’ ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ಹಾಲು ಕಾಯಿಸುವವರಾರು, ಡಬ್ಬಿ ಕಟ್ಟುವವರಾರು ಎಂಬ ಪ್ರಶ್ನೆಗೆ ಆರೋಗ್ಯಶಾಸ್ತ್ರದ ವೇಷ ಹಾಕುತ್ತೇವೆ. ಇಂಥ ಗಂಡಂದಿರು ನನ್ನ ಭಾಷಣವನ್ನು ತಮ್ಮ ಕಡೆಯ ಸಾಕ್ಷಿಯಾಗಿ ಬಳಸಬಾರದೆಂದು ಕೇಳಿಕೊಳ್ಳುತ್ತೇನೆ. ತಮ್ಮ ಅನುಕೂಲಕ್ಕೆ ಅಡ್ಡಿಯಾದದ್ದೆಲ್ಲ ಅತಿಯಲ್ಲ.

ಹಾಗಾದರೆ ಅತಿ ಯಾವುದು? ಗಂಟೆಗಳ ಎಣಿಕೆಯಲ್ಲಿ ಅದು ಸಿಕ್ಕುವುದಿಲ್ಲ. ಅಮೆರಿಕದ ಮನೋವೈದ್ಯ ಫ್ರೆಡರಿಕ್ ಬೇಕ್‌ಲ್ಯಾಂಡ್ ಎಂಬಾತ ವ್ಯಾಯಾಮ ನಿಲ್ಲಿಸಿದರೆ ನಿದ್ರೆ ಏನಾಗುತ್ತದೆಂದು ನೋಡಲು ಒಂದು ಪರೀಕ್ಷೆ ಹೂಡಿದ; ಅದರ ವರದಿ 1970ರಲ್ಲಿ ಪ್ರಕಟವಾಯಿತು. ಒಂದು ತಿಂಗಳು ಓಟ ನಿಲ್ಲಿಸಿ, ಹಣ ಕೊಡುತ್ತೇನೆ ಎಂದರೂ ದಿನಾಲೂ ಓಡುವವರು ಒಪ್ಪಲಿಲ್ಲ! ಕೊನೆಗೆ ವಾರಕ್ಕೆ ಮೂರು ನಾಲ್ಕು ದಿನ ಮಾಡುವವರನ್ನೇ ಹುಡುಕಬೇಕಾಯಿತು. ಮೊದಮೊದಲು ಇದನ್ನು ಒಳ್ಳೆಯ ಚಟವೆಂದೇ ಹೊಗಳಿದವರುಂಟು. ಮುರಿದ ಕಾಲಿನಲ್ಲಿಯೂ ಓಡುವವರನ್ನು, ಕೆಲಸವನ್ನೂ ಸಂಸಾರವನ್ನೂ ಬದಿಗೊತ್ತಿ ಓಡುವವರನ್ನು ಕಂಡ ಮೇಲೆ ಆ ಹೊಗಳಿಕೆ ತಗ್ಗಿತು. ಮಾನಸಿಕ ಕಾಯಿಲೆಗಳ ಅಮೆರಿಕದ ಅಧಿಕೃತ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲದಿದ್ದರೂ ಇಂಥವರನ್ನು ವೈದ್ಯರು ಬಲ್ಲರು. ಒಂದು ದಿನ ತಪ್ಪಿದರೆ ಸಿಡಿಮಿಡಿ, ನಿದ್ರೆಯಿಲ್ಲ, ನೋವಿದ್ದರೂ ಮುಚ್ಚಿಡುವುದು, ಉಂಡ ಅನ್ನಕ್ಕೆ ಪ್ರಾಯಶ್ಚಿತ್ತವೆಂಬಂತೆ ಓಡುವುದು.

ನನ್ನ ಶಿಷ್ಯನದೂ ಅದೇ ಸ್ಥಿತಿ. ಆಕೆ ಎರಡನೆಯ ಸಲ ಬಂದಾಗ ಅವನ ಮೊಳಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಒಂದೇ ಮೂಳೆಯ ಮೇಲೆ ಬಿಡುವಿಲ್ಲದೆ ಪೆಟ್ಟು ಬಿದ್ದರೆ, ತಾನೇ ಕೂಡಿಕೊಳ್ಳಲು ಅದಕ್ಕೆ ವೇಳೆ ಸಿಕ್ಕದೆ ಹೀಗಾಗುತ್ತದಂತೆ. ಆರು ವಾರ ಓಡಕೂಡದೆಂದು ವೈದ್ಯರು ಹೇಳಿದ್ದರು. ಹತ್ತನೆಯ ದಿನ, ಹೆಂಡತಿ ಮಲಗಿದ್ದಾಳೆಂದುಕೊಂಡು, ಕುಂಟುತ್ತ ನಾಲೆಯ ಏರಿಗೆ ಹೋಗಿದ್ದ. ಆಕೆ ಹಿಂದೆಯೇ ಹೋಗಿ, ತಡೆಗೋಡೆಯಿಲ್ಲದ ಆ ಏರಿಯ ಮೇಲೆ ಕತ್ತಲಲ್ಲಿ ನಿಂತು ಅತ್ತಳು. “ಬೈಯೋಕೂ ಬಾಯಿ ಬರ್ಲಿಲ್ಲ ಮೇಷ್ಟ್ರೇ” ಎಂದಳು.

ಆಗ ನಾನು ಅವನನ್ನು ಕರೆಸಿದೆ. ಬುದ್ಧಿ ಹೇಳಲು ಸಿದ್ಧನಾಗಿದ್ದೆ, ಅದೃಷ್ಟಕ್ಕೆ ಮೊದಲು ಅವನನ್ನೇ ಕೇಳಿದೆ, “ಏನಪ್ಪ, ಯಾತಕ್ಕೆ ಇಷ್ಟು?” ಬಹಳ ಹೊತ್ತು ಸುಮ್ಮನಿದ್ದು ಹೇಳಿದ. ಅವನ ಅಣ್ಣ ನಲವತ್ತಮೂರನೆಯ ವಯಸ್ಸಿನಲ್ಲಿ ರಾತ್ರಿ ಊಟ ಮಾಡಿ ಎದ್ದವನು ಹಾಗೆಯೇ ಕುಸಿದಿದ್ದ. ಇವನು ಓಡಲು ಹಿಡಿದದ್ದು ವೈಕುಂಠ ಸಮಾರಾಧನೆ ಮುಗಿದ ವಾರದಲ್ಲಿ. “ಒಂದಿನ ನಿಲ್ಸಿದ್ರೂ ಎದೇಲಿ ಏನೋ ಆದಂಗಾಗುತ್ತೆ ಸಾರ್” ಎಂದ. ನಾವು ಹುಚ್ಚೆಂದುಕೊಂಡದ್ದು ಭಯವಾಗಿತ್ತು. ಹೆಂಡತಿಗೆ ಇದನ್ನು ಹೇಳಿರಲಿಲ್ಲ, ಆಕೆ ಹೆದರಿಯಾಳೆಂದು!

ಈ ಭಯ ಅವನೊಬ್ಬನದಲ್ಲ. 2021ರ ಅಕ್ಟೋಬರ್ 29ರಂದು ನಲವತ್ತಾರರ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಜಿಮ್ಮಿಗೆ ಹೋಗುವ ಗಂಡಂದಿರ ಬೂಟುಗಳನ್ನು ಅಡಗಿಸಿಟ್ಟ ಮನೆಗಳನ್ನು ಬಲ್ಲೆ. 2025ರಲ್ಲಿ ನೆರೆಯ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲು. ಹಿತಮಿತವಾದ ನಿತ್ಯ ವ್ಯಾಯಾಮ ಹೃದಯಕ್ಕೆ ರಕ್ಷೆಯೇ. ಆದರೆ ರಕ್ತನಾಳ ಮೊದಲೇ ಕಿರಿದಾಗಿದ್ದು ಅದು ಗೊತ್ತಿಲ್ಲದವನು, ರೂಢಿಯಿಲ್ಲದ ಭಾರೀ ಶ್ರಮಕ್ಕೆ ಒಮ್ಮೆಲೇ ಇಳಿದರೆ ಅಪಾಯ. ನಲವತ್ತು ದಾಟಿದವರು, ಅದರಲ್ಲಿಯೂ ಮನೆತನದಲ್ಲಿ ಹೃದ್ರೋಗವಿದ್ದವರು, ಓಡುವ ಮೊದಲು ವೈದ್ಯರಿಗೆ ಎದೆ ತೋರಿಸಬೇಕು. ಓಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ವಿಪರೀತ ಕಸರತ್ತಿನ ಮಾರನೆಯ ದಿನ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತಿರಬಹುದು. ಅಂದೇ ವೈದ್ಯರನ್ನು ಕಾಣಬೇಕು.

ಇವನು ಎರಡು ವರ್ಷ ಓಡಿದ್ದರೂ ಒಮ್ಮೆಯೂ ಎದೆಯ ಪರೀಕ್ಷೆ ಮಾಡಿಸಿರಲಿಲ್ಲ. ಏನು ಹೇಳಿಬಿಡುತ್ತಾರೋ ಎಂಬ ಅಂಜಿಕೆ. ಆ ಪರೀಕ್ಷೆಗೆ ಗಂಡಹೆಂಡಿರು ಜೊತೆಯಾಗಿಯೇ ಹೋದರು. ದೊಡ್ಡ ದೋಷವೇನೂ ಕಾಣಲಿಲ್ಲ. ಕೊಬ್ಬಿನ ಅಂಶಕ್ಕೆ ಒಂದು ಮಾತ್ರೆ ಬರೆದುಕೊಟ್ಟರು. ಆಕೆಗೆ ನಾನು ಹೇಳಿದ್ದು ಇಷ್ಟು: ಅವನು ಬೂಟಿನ ದಾರ ಕಟ್ಟುವ ಹೊತ್ತಿನಲ್ಲಿ ಈ ಮಾತೆತ್ತಬೇಡ, ನಿಮ್ಮ ಅತ್ತೆಯ ಎದುರಿಗೂ ಬೇಡ. ನೀವು ಅತಿ ಮಾಡುತ್ತೀರಿ ಎಂದರೆ ಅವನಲ್ಲಿ ಲೆಕ್ಕ ಸಿದ್ಧವಾಗಿರುತ್ತದೆ. ಮಗಳು ಭಾನುವಾರ ಬಾಗಿಲು ನೋಡುತ್ತ ತಿಂಡಿ ತಿನ್ನುತ್ತಾಳೆ ಎಂದರೆ ಅದಕ್ಕೆ ಅವನಲ್ಲಿ ಲೆಕ್ಕವಿಲ್ಲ. ಪೂರ್ತಿ ಬಿಡೆಂದು ಕೇಳಬೇಡ, ವಾರಕ್ಕೊಂದು ದಿನ ಕೇಳು.

ಆಕೆ ಭಾನುವಾರವನ್ನು ಕೇಳಿ ಪಡೆದಳು. ಸುಲಭವಾಗಿ ಸಿಕ್ಕಲಿಲ್ಲ, ಮೊದಲ ತಿಂಗಳು ಆ ದಿನವೆಲ್ಲ ಅವನು ಮನೆಯೊಳಗೆ ಬೋನಿನ ಹುಲಿಯಂತೆ ತಿರುಗುತ್ತಿದ್ದನಂತೆ. ಕಾಲು ಕೂಡಿದ ಮೇಲೆ ಮೂವರೂ ಒಂದೊಂದು ಭಾನುವಾರ ಕುಂತಿಬೆಟ್ಟ ಹತ್ತುತ್ತಾರೆ, ಮಗಳ ಹೆಜ್ಜೆಗೆ ತಕ್ಕಂತೆ ನಿಧಾನವಾಗಿ. ಅರ್ಧದಾರಿಯಲ್ಲಿ ಕುಳಿತು ಮುದ್ದೆ ಇಲ್ಲದಿದ್ದರೂ ಚಿತ್ರಾನ್ನವನ್ನು ಅವನೂ ತಿನ್ನುತ್ತಾನೆ. ಇವತ್ತಿಗೂ ಆಗಾಗ ಮಣಿಕಟ್ಟಿನ ಗಡಿಯಾರವನ್ನು ಕದ್ದು ನೋಡುವುದುಂಟು. ಆಕೆ ಕಂಡೂ ಕಾಣದವಳಂತೆ ಬುತ್ತಿಯ ಗಂಟು ಬಿಚ್ಚುತ್ತಾಳೆ.