ಆಕೆಯನ್ನು ಕೇಳಿದಿರಾ?

(ಬೀಳಗಿಯಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)



ಇಂದು ನನಗೆ ಕೊಟ್ಟ ವಿಷಯ ಶರಣರ ದಾಂಪತ್ಯ. ಮೂವತ್ತು ವರ್ಷಗಳಿಂದ ಈ ವಿಷಯದ ಮೇಲೆ ಮಾತನಾಡುತ್ತ ಬಂದಿದ್ದೇನೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಪ್ರಸಂಗ ಹೇಳದೆ ಒಂದು ಭಾಷಣವನ್ನೂ ಮುಗಿಸಿದವನಲ್ಲ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದ. ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು ಲಕ್ಕಮ್ಮ. ಗಂಡ ಹೆಂಡತಿಯ ಮಾತು ಕೇಳಿದ. ಇಷ್ಟು ಹೇಳಿದರೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ನನಗೂ ಬಿದ್ದಿವೆ. ಆದರೆ ನನ್ನ ಮನೆಯಲ್ಲಿ ಆ ಪ್ರಸಂಗ ಬಂದಾಗ ನಾನೇನು ಮಾಡಿದೆ ಎಂಬುದನ್ನು ಇವತ್ತು ಹೇಳುತ್ತೇನೆ.

ನನ್ನ ಮನೆಯವರಿಗೆ ಹೊಟ್ಟೆ ಉಬ್ಬರಿಸುತ್ತಿತ್ತು, ಎರಡು ತುತ್ತಿಗೆ ಸಾಕಾಗುತ್ತಿತ್ತು. ಗ್ಯಾಸ್ ಎಂದು ನಾಲ್ಕು ತಿಂಗಳು ಗುಳಿಗೆ ನುಂಗಿಸಿದೆವು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಅಂಡಾಶಯದ ಕ್ಯಾನ್ಸರ್ ಎಂದಾಯಿತು, ಆಗಲೇ ಹೊಟ್ಟೆಯೊಳಗೆಲ್ಲ ಹರಡಿತ್ತು. ತಾಯಂದಿರೇ, ಈ ರೋಗ ಕಳ್ಳನ ಹಾಗೆ ಬರುತ್ತದೆ. ವಾರಗಟ್ಟಲೆ ಹೊಟ್ಟೆ ಉಬ್ಬಿದರೆ, ಹಸಿವು ಸತ್ತರೆ, ನಾಚಿಕೊಂಡು ಕೂರಬೇಡಿ, ತೋರಿಸಿಕೊಳ್ಳಿ.

ಡಾಕ್ಟರು ಮೂರು ವಾರಕ್ಕೊಂದರಂತೆ ಆರು ಕಿಮೋ ಕೊಟ್ಟರು. ಕೂದಲು ಹೋಯಿತು. ಆದರೆ ಹೊಟ್ಟೆಯ ನೀರು ಇಳಿಯಿತು, ಊಟ ಸೇರಿತು, ಮತ್ತೆ ತಾವೇ ರೊಟ್ಟಿ ಬಡಿದರು. ಆ ಚಿಕಿತ್ಸೆ ನಮಗೆ ಒಳ್ಳೆಯ ದಿನಗಳನ್ನು ಕೊಟ್ಟಿತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದಿನ ಮಾತು ಕೇಳಿ ಯಾರೂ ಆಸ್ಪತ್ರೆಯೇ ಬೇಡ ಎಂದುಕೊಂಡು ಮನೆಗೆ ಹೋಗಬಾರದು.

ಐದು ತಿಂಗಳಿಗೆ ರೋಗ ತಿರುಗಿ ಬಂತು. ಅಷ್ಟು ಬೇಗ ಬಂದರೆ ಮೊದಲಿನ ಔಷಧಕ್ಕೆ ಅದು ಮಣಿಯುವುದು ಕಡಿಮೆಯಂತೆ. ಡಾಕ್ಟರು ನನ್ನನ್ನು, ಇಬ್ಬರು ಮಕ್ಕಳನ್ನು ಒಳಗೆ ಕರೆದು ಹೇಳಿದರು: "ಬೇರೆ ಔಷಧ ಇದೆ. ಗುಣ ಆಗುವುದಿಲ್ಲ. ಕೆಲವು ತಿಂಗಳು ಸಿಗಬಹುದು, ಸಿಗದೆಯೂ ಇರಬಹುದು." ಆಕೆ ಹೊರಗೆ ಬೆಂಚಿನ ಮೇಲೆ ಬುತ್ತಿಗಂಟು ಹಿಡಿದುಕೊಂಡು ಕೂತಿದ್ದರು.

ಅಂದಿನಿಂದ ಮನೆಯಲ್ಲಿ ಪಂಚಾಯ್ತಿ ಶುರುವಾಯಿತು. ಹಿರಿಯ ಮಗ ಎರಡು ಎಕರೆ ಕಬ್ಬಿನ ಹೊಲ ಮಾರಿ ಮುಂಬೈಗೆ ಕರೆದೊಯ್ಯೋಣ ಎಂದ. ಕಿರಿಯವ ಸುಮ್ಮನಿದ್ದ. ಆಕೆಯ ತಮ್ಮ ಗಿಡಮೂಲಿಕೆ ಕೊಡುವವರ ವಿಳಾಸ ತಂದ. ನಮ್ಮ ಅತ್ತಿಗೆ ಹರಕೆ ಹೊತ್ತರು, ತಾಯತ ಕಟ್ಟಿಸಿದರು. ಇಷ್ಟಲಿಂಗ ಕಟ್ಟಿದ ಕೊರಳಿಗೆ ತಾಯತವೇ ಎಂದು ವೇದಿಕೆಯಲ್ಲಿ ಗುಡುಗುವ ನಾನು ಅವತ್ತು ಬಾಯಿ ತೆರೆಯಲಿಲ್ಲ. ಭಯ ಮನುಷ್ಯನನ್ನು ಏನು ಬೇಕಾದರೂ ಮಾಡಿಸುತ್ತದೆ. ಎಲ್ಲರ ಅಭಿಪ್ರಾಯ ಕೇಳಿದೆವು. ಊರಿನ ಕಂಪೌಂಡರನ್ನೂ ಕೇಳಿದೆವು. ಆಕೆಯನ್ನು ಮಾತ್ರ ಕೇಳಲಿಲ್ಲ. "ಅಮ್ಮಗ ಹೇಳಬ್ಯಾಡ್ರಿ, ಎದಿ ಒಡಕೋತಾಳ" ಎಂದು ಮಕ್ಕಳು, ನಾನು ಮಾತಾಡಿಕೊಂಡಿದ್ದೆವು.

ಒಂದು ರಾತ್ರಿ ಆಕೆಯೇ ತೆಗೆದರು. "ನನಗ ಗೊತ್ತೈತ್ರೀ." ಹೇಗೆ ಎಂದೆ. "ತಿಂಗಳಾತು, ನೀವು ನನ್ನ ಜೋಡಿ ಒಂದ್ ಜಗಳಾನೂ ಆಡಿಲ್ಲ."

ಬಂಧುಗಳೇ, ಹನ್ನೆರಡನೆಯ ಶತಮಾನದಲ್ಲಿ ಹೆಣ್ಣಿನ ಅಂಗೈಗೆ ಇಷ್ಟಲಿಂಗ ಬಂತು. ಅದರ ಅರ್ಥವೇನು? ಆಕೆಯ ಮತ್ತು ದೇವರ ನಡುವೆ ಗಂಡನೂ ಮಧ್ಯಸ್ಥನಲ್ಲ ಎಂದು. ದೇವರ ವಿಷಯದಲ್ಲಿ ಅಷ್ಟು ಸ್ವತಂತ್ರಳಾದವಳು ತನ್ನ ಒಡಲ ವಿಷಯದಲ್ಲಿ ಏನೂ ತಿಳಿಯದವಳಾಗಿ ಬೆಂಚಿನ ಮೇಲೆ ಕೂರಬೇಕೇ? ಈ ಪ್ರಶ್ನೆ ಯಾರೂ ನನಗೆ ಕೇಳಲಿಲ್ಲ. ಆ ರಾತ್ರಿ ನಾನೇ ಕೇಳಿಕೊಂಡೆ.

ಮರುವಾರ ಆಕೆಯನ್ನೇ ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂರಿಸಿದೆವು. ಆಕೆ ಕೇಳಿದ್ದು ನಾಲ್ಕೇ ಮಾತು. ಇದರಿಂದ ಗುಣ ಆಗತೈತೇನು? ತಗೊಂಡರ ಎಷ್ಟು ದಿನ ಹಾಸಿಗೆ ಹಿಡೀಬೇಕು? ತಗೊಳ್ಳದಿದ್ದರ ಏನಾಗತೈತಿ? ನೋವಿಗೆ ಏನು ಕೊಡ್ತೀರಿ? ನಾಲ್ಕನೆಯದನ್ನು ನಾವು ಯಾರೂ ಕೇಳಿರಲಿಲ್ಲ. ಡಾಕ್ಟರು ಮುಚ್ಚಿಡದೆ ಹೇಳಿದರು, ಇನ್ನು ತಿಂಗಳ ಲೆಕ್ಕ, ವರ್ಷದ ಲೆಕ್ಕವಲ್ಲ. ಆಕೆ ಕಿಮೋ ಬೇಡ ಎಂದರು.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ನಮ್ಮ ಹೆಣ್ಣುಮಕ್ಕಳು ಬೇಡ ಎನ್ನುವುದು ಎಷ್ಟೋ ಸಲ ಮನೆಯ ಖರ್ಚು ನೋಡಿ. ಆ "ಬೇಡ"ವನ್ನು ಹಿಡಿದು ದುಡ್ಡು ಉಳಿಸಿಕೊಳ್ಳುವ ಗಂಡಸರೂ ಇದ್ದೇವೆ. ಅದಕ್ಕೇ ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದೆ, "ಹೊಲದ ಚಿಂತಿಗೆ ಬ್ಯಾಡ ಅಂತಿಯೇನು?" ಆಕೆ ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. "ಅದೂ ಐತಿ. ಇಲ್ಲ ಅಂದರ ಸುಳ್ಳಾಗತೈತಿ. ಆದರ ಹೊಲ ಇರಲಿ ಬಿಡಲಿ, ಮತ್ತ ಹಂಗ ಹಾಸಿಗಿ ಹಿಡಿಯೂದು ನನ್ನ ಕೈಲೆ ಆಗೂದಿಲ್ಲ. ಮೊಮ್ಮಗಳ ಲಿಂಗಧಾರಣೆ ನೋಡಬೇಕು. ಎಳ್ಳ ಅಮವಾಸಿಗೆ ಹೊಲಕ್ಕ ಹೋಗಬೇಕು." ಆಗ ಲಕ್ಕಮ್ಮನವರ ಹೆಚ್ಚಿನ ಅಕ್ಕಿ ನೆನಪಾಯಿತು.

ಚಿಕಿತ್ಸೆ ನಿಂತಿತು ಎಂದರೆ ಆರೈಕೆ ನಿಂತಿತು ಎಂದಲ್ಲ. ಇದಕ್ಕೆ ಉಪಶಮನ ಆರೈಕೆ ಎನ್ನುತ್ತಾರೆ. ಕೈ ಚೆಲ್ಲಿದ ಮೇಲೆ ಕೊಡುವ ಸಮಾಧಾನ ಇದು ಎಂದು ನಾನೂ ತಿಳಿದಿದ್ದೆ. 2010ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಶ್ವಾಸಕೋಶದ ಕ್ಯಾನ್ಸರ್ ಬಲಿತಿದ್ದ 151 ರೋಗಿಗಳ ಅಧ್ಯಯನ ಪ್ರಕಟಿಸಿದರು. ಮೊದಲಿನಿಂದಲೇ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಉಪಶಮನ ಆರೈಕೆಯನ್ನೂ ಪಡೆದವರಿಗೆ ಕೊನೆಗಾಲದಲ್ಲಿ ಉಗ್ರ ಚಿಕಿತ್ಸೆ ಕಡಿಮೆಯಾಗಿತ್ತು. ಆದರೂ ಅವರು ಸುಮಾರು 11.6 ತಿಂಗಳು ಬದುಕಿದರು, ಉಳಿದವರು 8.9 ತಿಂಗಳು. ಅದು ಬೇರೆ ಕ್ಯಾನ್ಸರ್, ಬೇರೆ ದೇಶ. ಆದರೆ ನೋವು ತಗ್ಗಿಸಿದರೆ ಆಯುಷ್ಯ ತಗ್ಗುತ್ತದೆ ಎಂಬ ನಮ್ಮ ಅಂಜಿಕೆಗೆ ಅಲ್ಲಿ ಉತ್ತರವಿದೆ.

ನನ್ನ ದೊಡ್ಡ ತಪ್ಪು ಮಾರ್ಫಿನ್ ವಿಷಯದಲ್ಲಿ. ಅದು ಅಫೀಮಿನಿಂದ ಬಂದದ್ದು, ಚಟ ಹತ್ತುತ್ತದೆ ಎಂದು ಎರಡು ವಾರ ಗುಳಿಗೆಯನ್ನು ಕಪಾಟಿನಲ್ಲಿಟ್ಟೆ. ಆಕೆ ಹಲ್ಲು ಕಚ್ಚಿ ರಾತ್ರಿ ಕಳೆದರು. ಒಬ್ಬ ನರ್ಸ್ ತಾಯಿ ಮನೆಗೆ ಬಂದವರು ನನ್ನನ್ನು ಬೈದು ತಿಳಿಸಿದರು: ಡಾಕ್ಟರು ಹೇಳಿದ ಅಳತೆಯಲ್ಲಿ, ನಾಲ್ಕು ತಾಸಿಗೊಮ್ಮೆ, ನೋವು ಬರುವ ಮೊದಲೇ ಕೊಡಬೇಕು. ನೋವಿಗಾಗಿ ಹೀಗೆ ಕೊಟ್ಟರೆ ಚಟದ ಭಯ ಇಟ್ಟುಕೊಳ್ಳಬಾರದು. ಮಲಬದ್ಧತೆ ಆಗುತ್ತದೆ, ಅದಕ್ಕೆ ಜೊತೆಗೇ ಔಷಧ ಕೊಡಬೇಕು. ಕೊಟ್ಟ ಮೊದಲ ರಾತ್ರಿ ಆಕೆ ಬೆಳಗಿನವರೆಗೆ ಮಲಗಿದರು. ಆ ಎರಡು ವಾರವನ್ನು ನಾನು ಯಾವ ದಾಸೋಹ ಮಾಡಿಯೂ ತೀರಿಸಲಾರೆ.

ಮಾರ್ಫಿನ್ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. 2014ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸುಲಭವಾಗಿದೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಬೆಂಗಳೂರಿನ ಕಿದ್ವಾಯಿಯಲ್ಲಿ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಕೊನೆಯ ದಿನಗಳ ಆರೈಕೆಯನ್ನು ಉಚಿತವಾಗಿ ಮಾಡುವ ಕರುಣಾಶ್ರಯ ಬೆಂಗಳೂರಿನಲ್ಲಿದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಹೊಲ ಮಾರುವ ಮೊದಲು ಇವನ್ನೆಲ್ಲ ಕೇಳಿ ನೋಡಿ.

ನಮ್ಮ ಹೊಲದ ಪಕ್ಕದವರೊಬ್ಬರು ಇದೇ ಸ್ಥಿತಿಯಲ್ಲಿ ಎರಡನೆಯ, ಮೂರನೆಯ ಔಷಧವನ್ನೂ ತೆಗೆದುಕೊಂಡರು. ಮಗಳ ಮದುವೆವರೆಗೆ ಇರಬೇಕು ಎಂಬುದು ಅವರ ಹಟ, ಇದ್ದರು ಕೂಡ. ಅದೂ ಸರಿಯೇ, ಅದು ಅವರದೇ ತೀರ್ಮಾನವಾಗಿತ್ತು. ನಮ್ಮ ನಾಡಿನ ಇಬ್ಬರು ಪೂಜ್ಯರನ್ನು ನೋಡಿ. ಸಿದ್ಧಗಂಗೆಯ ಶಿವಕುಮಾರ ಶ್ರೀಗಳು ಚೆನ್ನೈವರೆಗೆ ಹೋಗಿ ಚಿಕಿತ್ಸೆ ಪಡೆದರು, ಕೊನೆಗೆ ಮಠಕ್ಕೆ ಮರಳಿ 2019ರ ಜನವರಿ 21ರಂದು ಲಿಂಗೈಕ್ಯರಾದರು. ವಿಜಯಪುರದ ಸಿದ್ಧೇಶ್ವರ ಶ್ರೀಗಳು ಆಸ್ಪತ್ರೆ ಬೇಡವೆಂದು ಆಶ್ರಮದಲ್ಲೇ ಉಳಿದು 2023ರ ಜನವರಿ 2ರಂದು ದೇಹ ಬಿಟ್ಟರು. ತಮ್ಮ ನಂತರ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ವರ್ಷಗಳ ಮೊದಲೇ ಬರೆದಿಟ್ಟಿದ್ದರು. ನನ್ನ ಮನೆಯವರು ಅವರ ಪ್ರವಚನ ಕೇಳಿ ಬೆಳೆದವರು.

ಮೊಮ್ಮಗಳ ಲಿಂಗಧಾರಣೆ ಆಯಿತು. ಎಳ್ಳ ಅಮವಾಸ್ಯೆಗೆ ಟ್ರ್ಯಾಕ್ಟರಿನಲ್ಲಿ ಗಾದಿ ಹಾಸಿ ಹೊಲಕ್ಕೆ ಕರೆದೊಯ್ದೆವು. ಚರಗ ಚೆಲ್ಲುವುದು ಶರಣತತ್ವಕ್ಕೆ ಸರಿಯೇ ಎಂದು ಯಾರೂ ಕೇಳಬೇಡಿ, ಅವತ್ತು ನಾನೂ ಕೇಳಲಿಲ್ಲ. ಹನ್ನೊಂದು ದಿನದ ಮೇಲೆ, ಮನೆಯಲ್ಲೇ, ಅಂಗೈಯಲ್ಲಿ ಲಿಂಗ ಇದ್ದಂತೆಯೇ ಹೋದರು.

ಕಾನೂನಿನ ಒಂದು ಮಾತು. ಪ್ರಜ್ಞೆಯಿದ್ದವರು ಚಿಕಿತ್ಸೆ ಬೇಡ ಎನ್ನಬಹುದು. ಪ್ರಜ್ಞೆ ತಪ್ಪಿ ಯಂತ್ರದ ಮೇಲೆ ಮಲಗಿದಾಗ ಏನು ಎಂಬುದಕ್ಕೆ ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ದಾರಿ ತೋರಿಸಿತು, 2023ರ ಜನವರಿಯಲ್ಲಿ ಅದನ್ನು ಸರಳ ಮಾಡಿತು. ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿತು. ಇದು ಕೊಲ್ಲುವ ಚುಚ್ಚುಮದ್ದಲ್ಲ. ಗುಣವಾಗದ ಸ್ಥಿತಿಯಲ್ಲಿ, ವೈದ್ಯರ ಎರಡು ಮಂಡಳಿಗಳು ಒಪ್ಪಿದ ಮೇಲೆ ಯಂತ್ರದ ಆಸರೆ ತೆಗೆಯುವುದು. ಹದಿನೆಂಟು ದಾಟಿದ ಯಾರೇ ಆಗಲಿ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ತಮ್ಮ ಇಚ್ಛೆ ಬರೆದಿಡಬಹುದು.

ನಾನು ನನ್ನದನ್ನು ಬರೆದಿದ್ದೇನೆ. ಮಕ್ಕಳು ಆ ಕಾಗದ ಕಂಡರೆ ಎದ್ದು ಹೊರಗೆ ಹೋಗುತ್ತಾರೆ, ಅವರ ಜೊತೆ ಇನ್ನೂ ಮಾತು ನಡೆದಿದೆ. ಸಾಕ್ಷಿಗೆ ಒಬ್ಬರು ಸಿಕ್ಕಿದ್ದಾರೆ, ಇನ್ನೊಬ್ಬರು ಬೇಕು. ಮನಸ್ಸಿದ್ದವರು ಪ್ರಸಾದದ ಹೊತ್ತಿಗೆ ಸಿಗಿ.